ವಕೀಲರ ತಪ್ಪಿಗೆ ವಕೀಲರೇ ಪಂಚರು

ಅಡರಕಟ್ಟಿಯ ನಮ್ಮ ಮನೆಯಲ್ಲಿ ಒಂದು ಬಟ್ಟೆಯ ಗಂಟಿದೆ. ಒಳಗೆ ಉತಾರ, ನೋಟಿಸು, ವಕಾಲತ್ತಿನ ನಕಲು. ಎರಡು ಎಕರೆ ಹೊಲದ ವಾಟ್ನಿ ದಾವೆಗಾಗಿ ಅಪ್ಪ ಆರು ವರ್ಷ ಕೋರ್ಟಿಗೆ ಅಲೆದ. ಹೋದಾಗೆಲ್ಲ ವಕೀಲರದು ಒಂದೇ ಮಾತು: "ಮುಂದಿನ ತಾರೀಕು ಬಿದ್ದೈತಿ, ಹೋಗಿ ಬರ್ರಿ." ಕೊನೆಗೆ ಗೊತ್ತಾಯಿತು, ಕೂಗಿದಾಗ ಯಾರೂ ಹಾಜರಿಲ್ಲವೆಂದು ದಾವೆ ವಜಾ ಆಗಿ ಹದಿನಾಲ್ಕು ತಿಂಗಳಾಗಿತ್ತು. ಮತ್ತೆ ನಡೆಸಿರೆಂದು ಅರ್ಜಿ ಹಾಕಲು ಇದ್ದ 30 ದಿನ ಎಂದೋ ಮುಗಿದಿದ್ದವು.

ತಪ್ಪು ಯಾರಿಂದಲೂ ಆಗುತ್ತದೆ. ತಪ್ಪಾದ ಮೇಲೆ ಕಕ್ಷಿದಾರ ಎಲ್ಲಿಗೆ ಹೋಗಬೇಕು ಎಂಬುದು ನನ್ನ ಪ್ರಶ್ನೆ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ವಕೀಲರ ಸೇವೆ ಆ ಕಾಯ್ದೆಯಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಹೇಳಿದೆ. ಪರಿಹಾರಕ್ಕೆ ಸಿವಿಲ್ ದಾವೆ ಹೂಡಬಹುದು. ಅದಕ್ಕೆ ಇನ್ನೊಬ್ಬ ವಕೀಲರು ಬೇಕು! ಉಳಿದದ್ದು ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯಂತೆ ವಕೀಲರನ್ನು ನೋಂದಾಯಿಸಿಕೊಳ್ಳುವುದೂ ಅದೇ, 35ನೇ ಕಲಮಿನಡಿ ದುರ್ನಡತೆಯ ದೂರು ಕೇಳುವುದೂ ಅದೇ.

ಶಿಸ್ತು ಸಮಿತಿಯಲ್ಲಿ ಮೂವರಿರುತ್ತಾರೆ. ಇಬ್ಬರು ಪರಿಷತ್ತಿನ ಸದಸ್ಯರು, ಮೂರನೆಯವರು ಸೇರಿಸಿಕೊಂಡ ಇನ್ನೊಬ್ಬ ವಕೀಲರು. ಪರಿಷತ್ತಿನ ಸದಸ್ಯರನ್ನು ಓಟು ಹಾಕಿ ಆರಿಸುವವರು ರಾಜ್ಯದ ವಕೀಲರು. ಅಂದರೆ ಆರೋಪಿಯ ಓಟು ನ್ಯಾಯ ಹೇಳುವವನಿಗೆ ಬೇಕು, ದೂರುಕೊಟ್ಟವನಿಗೆ ಓಟೇ ಇಲ್ಲ. ಅಣ್ಣತಮ್ಮಂದಿರ ಜಗಳಕ್ಕೆ ಒಬ್ಬನ ಬೀಗರನ್ನೇ ಪಂಚರಾಗಿ ಕೂಡಿಸಿದರೆ ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ.

ವಕೀಲರ ವಾದ ನನಗೆ ಗೊತ್ತು. ಸನ್ನದು ಸರ್ಕಾರದ ಕೈಯಲ್ಲಿದ್ದರೆ ಸರ್ಕಾರದ ವಿರುದ್ಧ ನಿಲ್ಲುವವರು ಯಾರು? ಸರಿಯಾದ ಮಾತು, ಪೂರ್ತಿ ಒಪ್ಪುತ್ತೇನೆ. ಆದರೆ ಸರ್ಕಾರಕ್ಕೆ ಅಂಜದಿರುವುದು ಬೇರೆ, ಕಕ್ಷಿದಾರನಿಗೆ ಉತ್ತರ ಕೊಡದಿರುವುದು ಬೇರೆ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳ ಶಿಸ್ತು ಮಂಡಳಿಯಲ್ಲಿ ವಕೀಲರಲ್ಲದವರೂ ಕೂಡುತ್ತಾರೆ. ಅದರಿಂದ ಅಲ್ಲಿಯ ವಕೀಲಿಕೆಯೇನೂ ಸರ್ಕಾರದ ಊಳಿಗವಾಗಿಲ್ಲ. ಇನ್ನು ಒಳಗಿನವರೇ ಕಾಯ್ದೆ ಕಾಯುತ್ತಾರೆಂಬ ನಂಬಿಕೆಯ ಮಾತು. ನೋಂದಣಿಗೆ ಕಾಯ್ದೆ ಹೇಳುವ ಶುಲ್ಕ ಸಾಮಾನ್ಯ ಅಭ್ಯರ್ಥಿಗೆ 750 ರೂಪಾಯಿ. ಹಲವು ರಾಜ್ಯಗಳ ಪರಿಷತ್ತುಗಳು ಬಡ ಹುಡುಗರಿಂದಲೂ ಸಾವಿರಗಟ್ಟಲೆ ವಸೂಲಿ ಮಾಡಿದವು. ಅದನ್ನು ತಡೆಯಲು 2024ರ ಜುಲೈ 30ರಂದು ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು.

ದೂರು ಸಾಬೀತಾದರೆ ಛೀಮಾರಿ, ಅಮಾನತು ಅಥವಾ ಪಟ್ಟಿಯಿಂದ ಹೆಸರು ತೆಗೆಯುವುದು. ಕಳೆದುಕೊಂಡವನಿಗೆ ಪರಿಹಾರದ ಮಾತಿಲ್ಲ. ಒಂದು ವರ್ಷದಲ್ಲಿ ತೀರ್ಮಾನವಾಗದಿದ್ದರೆ ದೂರು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗಬೇಕು. ತಡವಾಗದಿರಲಿ ಎಂದು ಮಾಡಿದ ನಿಯಮವಿದು. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಲಾರದವನು ದೆಹಲಿಗೆ ಹೋದಾನೆಯೇ?

ನಾನು ಕೇಳುವುದು ಮೂರೇ. ಸಮಿತಿಯಲ್ಲಿ ವಕೀಲರಲ್ಲದ ಒಬ್ಬರಿರಲಿ. ಆದೇಶಗಳು ಕನ್ನಡದಲ್ಲಿ ಎಲ್ಲರಿಗೂ ಓದಲು ಸಿಗಲಿ. ವಿಚಾರಣೆ ಜಿಲ್ಲೆಗೆ ಬರಲಿ. ಹೈಕೋರ್ಟೇ 2008ರಲ್ಲಿ ಧಾರವಾಡಕ್ಕೆ ಬಂದಿದೆ, 2013ರಿಂದ ಅಲ್ಲಿ ಕಾಯಂ ಪೀಠವಿದೆ. ಮೂವರ ಸಮಿತಿಗೆ ಗದಗ ಅಷ್ಟು ದೂರವೇ?

ಅಪ್ಪ ದೂರು ಕೊಡಲಿಲ್ಲ. "ಅವರ ಮ್ಯಾಲೆ ಅವರ ಮುಂದ ಏನ್ ಹೇಳೂದು?" ಅಂದ. ಗಂಟು ಬಿಗಿದು ಮೇಲಿಟ್ಟ. ಆ ಮಾತಿಗೆ ಪರಿಷತ್ತಿನ ಬಳಿ ಉತ್ತರವಿದ್ದರೆ ನಾನೇ ಗಂಟು ಬಿಚ್ಚುತ್ತೇನೆ.