ಹಾಲಿನ ಪುಸ್ತಕವೂ ರಾಷ್ಟ್ರನೀತಿಯೂ

ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನಲ್ಲಿ, ವೇದಗಂಗೆಯ ದಂಡೆಯ ಮೇಲಿರುವ ನಮ್ಮ ಮುರಗೂಡದಲ್ಲಿ, ನಸುಕು ಹರಿಯುವ ಮುನ್ನವೇ ಹಾಲಿನ ಸಂಘದ ಬಾಗಿಲಿಗೆ ಬಂದು ನಿಲ್ಲುವ ಹೆಣ್ಣುಮಕ್ಕಳನ್ನು ಕಂಡವರಿಗೆ, ಸಹಕಾರವೆಂಬ ಶಬ್ದದ ಅರ್ಥವನ್ನು ಗ್ರಂಥಗಳಲ್ಲಿ ಹುಡುಕಬೇಕಾದ ಪ್ರಮೇಯ ಒದಗಲಾರದು. ಎಮ್ಮೆಯ ಹಾಲಿನ ಕಿಟ್ಲಿಯನ್ನು ಹಿಡಿದು ಬಂದವಳು ಅಳತೆಯನ್ನು ಕಣ್ಣಾರೆ ನೋಡುತ್ತಾಳೆ. ಫ್ಯಾಟು ಎಷ್ಟು ಬಿದ್ದಿತೆಂಬುದನ್ನು ತನ್ನ ಪುಸ್ತಕದಲ್ಲಿ ಬರೆಯಿಸಿಕೊಳ್ಳುತ್ತಾಳೆ. ನಿನ್ನೆಗಿಂತ ಇಂದು ಕಡಿಮೆಯಾಗಿದ್ದರೆ ಅಲ್ಲಿಯೇ ನಿಂತು ಕಾರಣವನ್ನು ಕೇಳುತ್ತಾಳೆ, ಸಮಾಧಾನವಾಗುವವರೆಗೆ ಹೆಜ್ಜೆ ಕದಲಿಸುವುದಿಲ್ಲ. ಹತ್ತು ದಿನಕ್ಕೊಮ್ಮೆ ಬಿಲ್ಲು ಕೈಸೇರುವುದು. ಗೋಕುಳವೆಂದು ಎಲ್ಲರಿಗೂ ಪರಿಚಿತವಾದ ಕೊಲ್ಹಾಪುರ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘವು 1963ರಲ್ಲಿ ಸ್ಥಾಪಿತವಾಗಿ, ಅನೇಕ ಚುನಾವಣೆಗಳ ಗದ್ದಲವನ್ನೂ ಪಕ್ಷೋಪಪಕ್ಷಗಳ ಜಗ್ಗಾಟವನ್ನೂ ಸಹಿಸಿ ಇಂದಿಗೂ ಗಟ್ಟಿಯಾಗಿ ನಿಂತಿರುವುದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಈ ಚಿಕ್ಕ ಪುಸ್ತಕವೇ ಮೊದಲನೆಯದೆಂದು ನಾನು ಬಗೆದಿದ್ದೇನೆ.

ಅದೇ ಮನೆಯ ಕಬ್ಬಿನ ಸಂಗತಿಯೇ ಬೇರೆ. ಬಿದ್ರಿಯ ದೂಧಗಂಗಾ-ವೇದಗಂಗಾ ಕಾರ್ಖಾನೆ, ಕಾಗಲದ ಶಾಹೂ ಕಾರ್ಖಾನೆ, ಹಮೀದವಾಡೆಯ ಮಂಡಲಿಕ ಕಾರ್ಖಾನೆ ಇವೆಲ್ಲವೂ ನಮ್ಮ ಸುತ್ತಿನವೇ. ಇವುಗಳಿಂದ ಈ ನಾಡಿಗೆ ರಸ್ತೆ ಬಂದಿತು, ಶಾಲೆ ಬಂದಿತು, ಒಣಭೂಮಿಯ ಒಕ್ಕಲಿಗನು ಬಾಗಾಯತದಾರನೆನಿಸಿಕೊಂಡನು ಎಂಬುದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಆದರೆ ಇವುಗಳೆಂದಲ್ಲ, ಯಾವ ಸಕ್ಕರೆ ಕಾರ್ಖಾನೆಯ ಸದಸ್ಯನಾದರೂ ತನ್ನ ಸಂಸ್ಥೆಯನ್ನು ಸಂಧಿಸುವುದು ವರ್ಷಕ್ಕೆ ಎರಡೇ ಸಲ: ಹಂಗಾಮಿನಲ್ಲಿ ಕಬ್ಬು ಕಡಿದುಹೋದಾಗ ಒಮ್ಮೆ, ವಾರ್ಷಿಕ ಸಭೆಯಲ್ಲಿ ಒಮ್ಮೆ. ಕಬ್ಬಿನ ತೂಕವಾಗುವುದು ಹೊಲದಿಂದ ಮೈಲುಗಟ್ಟಲೆ ದೂರದ ಕಾಟಾದ ಮೇಲೆ. ಸಕ್ಕರೆ ಎಷ್ಟು ಇಳಿಯಿತೆಂಬ ಲೆಕ್ಕವಾಗುವುದು ಅದಕ್ಕಿಂತಲೂ ದೂರದ ಕಾಗದಪತ್ರಗಳಲ್ಲಿ. ಸರಬರಾಜಾದ ಹದಿನಾಲ್ಕು ದಿನಗಳೊಳಗಾಗಿ ಹಣ ಕೊಡತಕ್ಕದ್ದೆಂದು 1966ರ ಕಬ್ಬು ನಿಯಂತ್ರಣಾಜ್ಞೆಯು ವಿಧಿಸಿದ್ದರೂ, ಆ ನಿಯಮದ ಪಾಲನೆಗಾಗಿ ರೈತನು ರಸ್ತೆಗಿಳಿಯಬೇಕಾದ ವರ್ಷಗಳೆಷ್ಟೆಂಬುದು ಪಂಚಗಂಗೆಯ ಸೀಮೆಯವರಿಗೆ ತಿಳಿಯದ ಮಾತೇನಲ್ಲ. ವಾರ್ಷಿಕ ಸಭೆಗಳಲ್ಲಿ ವಿಷಯಪತ್ರಿಕೆಯ ಒಂದೊಂದು ಅಂಶವನ್ನು ಓದುತ್ತಿದ್ದಂತೆಯೇ ಮುಂದಿನ ಸಾಲುಗಳಿಂದ ‘ಮಂಜೂರ, ಮಂಜೂರ’ ಎಂಬ ಘೋಷವೇಳುವುದನ್ನು ನಾನು ಕೇಳಿದ್ದೇನೆ. ಹಿಂದಿನ ಸಾಲಿನ ಮುದುಕನೊಬ್ಬನು ಕೇಳಬೇಕೆಂದು ಎದ್ದು ನಿಂತ ಪ್ರಶ್ನೆಯು ಆ ಘೋಷದಲ್ಲಿ ಅಡಗಿಹೋದುದನ್ನು ಕಂಡು ಸಂಕಟಪಟ್ಟಿದ್ದೇನೆ.

ಈ ಎರಡು ದೃಶ್ಯಗಳ ನಡುವಿನ ಅಂತರವೇ ನನ್ನ ಇಂದಿನ ಮಾತಿನ ವಿಷಯವು. 2021ರ ಜುಲೈಯಲ್ಲಿ ಕೇಂದ್ರದಲ್ಲಿ ಸಹಕಾರಕ್ಕೆಂದೇ ಪ್ರತ್ಯೇಕ ಮಂತ್ರಾಲಯವೊಂದು ಹುಟ್ಟಿತು. ಸುರೇಶ ಪ್ರಭುಗಳ ಅಧ್ಯಕ್ಷತೆಯ 48 ಜನರ ಸಮಿತಿಯು ಸಿದ್ಧಗೊಳಿಸಿದ ರಾಷ್ಟ್ರೀಯ ಸಹಕಾರ ನೀತಿಯು, ವಿಶ್ವಸಂಸ್ಥೆಯು ಸಹಕಾರದ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ 2025ರಲ್ಲಿಯೇ, ಜುಲೈ 24ರಂದು ಪ್ರಕಟವಾಯಿತು. ಊರಿಗೊಂದು ಸಂಘವಾದರೂ ಇರಬೇಕು, ಈಗಿರುವ ಎಂಟು ಲಕ್ಷಕ್ಕೂ ಮಿಕ್ಕ ಸಂಘಗಳ ಸಂಖ್ಯೆಯನ್ನು ನೂರಕ್ಕೆ ಮೂವತ್ತರಷ್ಟು ಹೆಚ್ಚಿಸಬೇಕು ಎಂಬುದು ಅದರ ಸಂಕಲ್ಪ. ಸಂಕಲ್ಪವು ಶ್ಲಾಘ್ಯವಾದುದೇ. ಆದರೆ ಸಂಘಗಳನ್ನು ಎಣಿಸುವುದು ಸುಲಭ. ಸಂಘದ ಮುಂದೆ ಎದ್ದು ನಿಂತು ಪ್ರಶ್ನೆ ಕೇಳಬಲ್ಲ ಸದಸ್ಯರನ್ನು ಎಣಿಸುವ ಮಾಪನವನ್ನು ಯಾವ ಇಲಾಖೆಯೂ ಇನ್ನೂ ನಿರ್ಮಿಸಿಲ್ಲ.

ಎಣಿಕೆಯ ಮೋಹವು ನಮಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದಾಗ ಅದು ಒಂದೇ ಊರಿನ ಸಾಹಸವಾಗಿದ್ದು, ಪ್ರತಿಯೊಬ್ಬ ಸಾಲಗಾರನ ಹೊಲವನ್ನೂ ನಡತೆಯನ್ನೂ ಉಳಿದವರೆಲ್ಲರೂ ಬಲ್ಲವರಾಗಿದ್ದರು. ಅರ್ಧ ಶತಮಾನ ಕಳೆದ ಬಳಿಕ, ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯು, 1951-52ರಲ್ಲಿ ಒಕ್ಕಲಿಗರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವೆಂದು ಕಂಡು, ಇನ್ನು ಮೇಲೆ ಸರಕಾರವೇ ಶೇರುದಾರನಾಗಿ ಸಂಘಗಳನ್ನು ಎತ್ತಿ ನಿಲ್ಲಿಸಬೇಕೆಂದು ಸಲಹೆ ಮಾಡಿತು. ಆ ಸಲಹೆಯ ಹಿಂದಿದ್ದ ಕರುಣೆಯನ್ನು ನಾನು ಶಂಕಿಸುವುದಿಲ್ಲ. ಧನಂಜಯರಾವ ಗಾಡಗೀಳರ ಅರ್ಥಶಾಸ್ತ್ರವೂ ವಿಠ್ಠಲರಾವ ವಿಖೆ ಪಾಟೀಲರ ಹಳ್ಳಿಯ ಛಲವೂ ಕೂಡಿದ ಪ್ರವರೆಯ ಕಾರ್ಖಾನೆಯಾಗಲಿ, ನಮ್ಮಲ್ಲಿ ದೇಶಭಕ್ತ ರತ್ನಾಪ್ಪಾ ಕುಂಭಾರರು ಇಚಲಕರಂಜಿಯ ಬಳಿ ಕಟ್ಟಿದ ಪಂಚಗಂಗಾ ಕಾರ್ಖಾನೆಯಾಗಲಿ, ಸರಕಾರದ ಆಸರೆಯಿಲ್ಲದೆ ಏಳುತ್ತಿರಲಿಲ್ಲ. ಆದರೆ ಆಸರೆಗೆಂದು ಬಂದ ಸರಕಾರಿ ಹಣದ ಹಿಂದೆಯೇ ಶಾಸನಸಭೆಯ ದಾರಿಯೂ ತೆರೆಯಿತು. ಚೇರಮನ್ನರ ಕುರ್ಚಿಯು ಚುನಾವಣೆಯ ಮೆಟ್ಟಿಲಾಯಿತು. ಸದಸ್ಯನು ಮಾಲೀಕನ ಸ್ಥಾನದಿಂದ ಮತದಾರನ ಸ್ಥಾನಕ್ಕೆ ಇಳಿದನು. ಸಹಕಾರಿಯೆಂದು ಹುಟ್ಟಿದ ಎಷ್ಟೋ ಕಾರ್ಖಾನೆಗಳು ಸಾಲದ ಭಾರದಿಂದ ಕುಸಿದು ಗುತ್ತಿಗೆಯಿಂದಲೋ ಮಾರಾಟದಿಂದಲೋ ಖಾಸಗಿಯವರ ವಶವಾದಾಗ, ಶೇರಿನ ಕಾಗದವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಿಕೊಂಡವನಿಗೆ ಅದರ ಸುದ್ದಿ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ.

ಇನ್ನೂ ಒಂದು ಸಂಗತಿಯನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಸಹಕಾರದ ಆಸರೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಭಂಗುರವಾದ ಅರ್ಥವ್ಯವಸ್ಥೆಗೆ; ಹಾಗೆಂದೊಡನೆ ದೂರದ ಯುದ್ಧಪೀಡಿತ ದೇಶಗಳು ಮಾತ್ರವೇ ಕಣ್ಣ ಮುಂದೆ ಬರಬೇಕಾಗಿಲ್ಲ. ಕಬ್ಬಿನ ಹಂಗಾಮು ಬಂದಿತೆಂದರೆ ಬೀಡ ಜಿಲ್ಲೆಯಿಂದ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಕಬ್ಬು ಕಡಿಯುವವರು ಯಾವ ಸಹಕಾರಿ ಕಾರ್ಖಾನೆಯ ಸದಸ್ಯರು? ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವು 1904ರಲ್ಲಿ ಸದ್ದುಮಾಡಿದಂದಿನಿಂದ ಆ ಪಟ್ಟಣವು ಸಾವಿರಾರು ಜನರಿಗೆ ಅನ್ನವನ್ನಿಕ್ಕಿದೆ. ಮಗ್ಗದ ಒಡೆಯರು ಒಂದುಗೂಡಿ ಸಹಕಾರಿ ಸೂತಗಿರಣಿಗಳನ್ನೂ ಬ್ಯಾಂಕುಗಳನ್ನೂ ಕಟ್ಟಿಕೊಂಡು ನೂಲಿನ ವ್ಯಾಪಾರಿಯ ಹಿಡಿತದಿಂದ ಕೆಲಮಟ್ಟಿಗಾದರೂ ಪಾರಾದರು. ಆದರೆ ಮಗ್ಗದ ಮುಂದೆ ರಾತ್ರಿಪಾಳಿಯಲ್ಲಿ ನಿಂತು ಎಳೆ ಕಟ್ಟುವವನು, ಅನೇಕ ಸಲ ನಮ್ಮ ಕನ್ನಡ ಸೀಮೆಯಿಂದಲೇ ಹೊಟ್ಟೆಪಾಡಿಗೆ ಬಂದವನು, ಆ ಸಹಕಾರದ ಹೊರಗೆಯೇ ಉಳಿದನು. ನೂಲಿನ ದರ ಏರಿದಾಗ ಮೊದಲು ನಿಲ್ಲುವುದು ಅವನ ಮಜೂರಿ. ಒಳಗಿರುವವರನ್ನು ಬಲಪಡಿಸುವ ನೀತಿಗಿಂತ, ಹೊರಗೆ ನಿಂತಿರುವವರು ಯಾರೆಂದು ಮೊದಲು ಕೇಳುವ ನೀತಿಯೇ ಭಂಗುರ ಪ್ರದೇಶಕ್ಕೆ ವಿಹಿತವಾದುದು.

ಹೊರಗಿನವನನ್ನು ಒಳಗೆ ತರಲಾಗದೆಂದು ಹೇಳುವವರು ನಿಪ್ಪಾಣಿಯನ್ನೂ ಕಣ್ಣೂರನ್ನೂ ಒಟ್ಟಿಗೆ ನೋಡಬೇಕು. ಮುರಗೂಡದಿಂದ ನಿಪ್ಪಾಣಿ ಬಹಳ ದೂರವಿಲ್ಲ. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ಧೂಳನ್ನು ಕುಡಿದು ದುಡಿದ ಹೆಂಗಸರು ಎಷ್ಟೋ ಮಂದಿ. ತಂಬಾಕಿನ ಬೆಲೆಗಾಗಿ 1981ರಲ್ಲಿ ರೈತರು ಶರದ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತಾಗ ಗೋಲಿಬಾರಾಗಿ ಜೀವಗಳು ಹೋದವು. ಆ ತಂಬಾಕು ಸೇರುವ ಬೀಡಿಯ ಉದ್ಯಮದಲ್ಲಿಯೇ, ಕೇರಳದ ಕಣ್ಣೂರಿನಲ್ಲಿ, ಬೀಡಿ ಕಾರ್ಮಿಕರ 1966ರ ಕಾಯಿದೆಯನ್ನು ಜಾರಿಗೆ ತರಲು ಅಲ್ಲಿಯ ಸರಕಾರವು ಮುಂದಾದಾಗ ಮಂಗಳೂರಿನ ಬೀಡಿ ಒಡೆಯರು ತಮ್ಮ ಕೆಲಸದ ಮನೆಗಳನ್ನು ಮುಚ್ಚಿಬಿಟ್ಟರು. ಬೀದಿಗೆ ಬಿದ್ದ ಕೆಲಸಗಾರರು 1969ರಲ್ಲಿ ದಿನೇಶ ಬೀಡಿ ಸಹಕಾರ ಸಂಘವನ್ನು ಕಟ್ಟಿಕೊಂಡರು. ಶೇರಿನ ಹಣವನ್ನೂ ತರಲಾರದ ಅವರಿಗೆ ಸರಕಾರವು ಸಾಲ ಕೊಟ್ಟಿತು. ಬೀಡಿ ಸುತ್ತುವವನೇ ಸದಸ್ಯ, ಸದಸ್ಯನೇ ತನ್ನ ಪ್ರಾಥಮಿಕ ಸಂಘದ ಮಂಡಳಿಯನ್ನು ಆರಿಸುವವನು. ಎಂಬತ್ತರ ದಶಕದಲ್ಲಿ ಅಲ್ಲಿ ದುಡಿಯುವವರ ಸಂಖ್ಯೆ 40,000ವನ್ನು ಮೀರಿತು. ಬೀಡಿಯ ಕಾಲ ಇಳಿಯತೊಡಗಿದಾಗ ಸಂಘವು ತಿನಿಸು, ಕೊಡೆ, ಬಟ್ಟೆಗಳ ಕಡೆಗೆ ತಿರುಗಿಕೊಂಡಿತು. ಅಲ್ಲಿ ದೊರೆತದ್ದು ನಿಪ್ಪಾಣಿಯ ವಖಾರಿಯ ಹೆಂಗಸರಿಗೆ ಏಕೆ ದೊರೆಯಲಿಲ್ಲವೆಂದು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಉಂಟು. ಸಹಕಾರವು ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ. ಒಂದೇ ರಾಜ್ಯದೊಳಗಿನ ಸಂಘಗಳ ಮೇಲೆ ಕೇಂದ್ರದ ವಿಧಿಗಳನ್ನು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಸ್ಪಷ್ಟಪಡಿಸಿತು. ಸಂಘವು ಎರಡು ರಾಜ್ಯಗಳಿಗೆ ಚಾಚಿಕೊಂಡರೆ ಅದು ಬಹುರಾಜ್ಯ ಸಂಘವಾಗಿ ದಿಲ್ಲಿಯ ಕೇಂದ್ರ ರಿಜಿಸ್ಟ್ರಾರರ ಅಧೀನಕ್ಕೆ ಹೋಗುವುದು. ದೊಡ್ಡ ಸಂಸ್ಥೆಗೆ ಇದು ಭಾರವಲ್ಲ. ಅಡಿಕೆಯ ಬೆಲೆ ಕುಸಿದು ದಕ್ಷಿಣ ಕನ್ನಡ-ಕಾಸರಗೋಡುಗಳ ಬೆಳೆಗಾರರು ದಿಕ್ಕುಗಾಣದಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ಎರಡು ರಾಜ್ಯಗಳ ಕೃಷಿಕರನ್ನು ಒಂದೇ ಸೂರಿನಡಿ ತಂದಿತು. ಕೋಕೋವನ್ನು ಕೊಳ್ಳುತ್ತಿದ್ದ ಕಂಪನಿಗಳು ಹಿಂಜರಿದಾಗ ತಾನೇ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಆದರೆ ವೇದಗಂಗೆಯ ದಂಡೆಯ ಮೇಲಿರುವ ಮಹಾರಾಷ್ಟ್ರದ ಮೂರು ಹಳ್ಳಿಗಳೂ ಕರ್ನಾಟಕದ ಎರಡು ಹಳ್ಳಿಗಳೂ ಕೂಡಿ ಒಂದು ಏತ ನೀರಾವರಿ ಸಂಘವನ್ನು ಮಾಡಿಕೊಳ್ಳಬೇಕೆಂದರೆ, ಅವರು ದಿಲ್ಲಿಯ ಬಾಗಿಲನ್ನು ತಟ್ಟಬೇಕೇ? ಕೇಂದ್ರ ರಿಜಿಸ್ಟ್ರಾರರ ಅಧಿಕಾರವನ್ನು ಇಂತಹ ಸಣ್ಣ ಸಂಘಗಳ ಮಟ್ಟಿಗೆ ಬೆಳಗಾವಿ ಕೊಲ್ಹಾಪುರಗಳಲ್ಲಿಯೇ ಚಲಾಯಿಸುವ ವ್ಯವಸ್ಥೆಯಾಗಬೇಕು. ಭಾಷೆಯ ಮಾತೂ ಇದೆ. ಗಡಹಿಂಗ್ಲಜದ ಪೂರ್ವಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ನಿಪ್ಪಾಣಿಯ ಎಷ್ಟೋ ಹಳ್ಳಿಗಳಲ್ಲಿ ಮರಾಠಿ. ಸಭೆಯ ನೋಟೀಸೂ ಜಮಾಖರ್ಚಿನ ಪತ್ರವೂ ಸದಸ್ಯನು ಓದಬಲ್ಲ ಭಾಷೆಯಲ್ಲಿ ಅವನ ಕೈಸೇರುವುದು ಎರಡೂ ಕಡೆಯವರ ಸಮಾನ ಹಕ್ಕಾಗಬೇಕು. ಇದು ಗಡಿಯ ವಾದಕ್ಕೆ ಸಂಬಂಧಿಸಿದ್ದಲ್ಲ, ತನ್ನ ಹಣದ ಲೆಕ್ಕವನ್ನು ಅರಿಯುವುದಕ್ಕೆ ಸಂಬಂಧಿಸಿದ್ದು.

ಸಹಕಾರ ಸಂಘಗಳಾಗದೆಯೂ ಲಾಭಕ್ಕಿಂತ ಜನರ ಹಿತಕ್ಕಾಗಿ ದುಡಿಯುವ ಸಾಮಾಜಿಕ ಉದ್ಯಮಗಳ ಸ್ಥಿತಿಯಂತೂ ಇನ್ನೂ ಅನಾಥವಾದುದು. ಅವುಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಒಂದು ಟ್ರಸ್ಟಾಗಿ, ಇನ್ನೊಂದು ಸೊಸೈಟಿಯಾಗಿ, ಮತ್ತೊಂದು ಕಂಪನಿಯಾಗಿ ಬದುಕುತ್ತವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ಹೊಲಿಯುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳ ಜೀವನವು, 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ಮಾಡಿದ ಒಂದು ತಿದ್ದುಪಡಿಯಿಂದ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಾವುಟಗಳ ಪೈಪೋಟಿಗೆ ಸಿಲುಕಿತು. ಬೇರೊಂದು ಇಲಾಖೆಯ ಒಂದು ಸಾಲು ಇಷ್ಟು ಮಾಡಬಲ್ಲದಾದರೆ, ಅಂತಹ ಸಾಲನ್ನು ಬರೆಯುವ ಮುನ್ನ ಆ ಕೈಗಳನ್ನು ಕೇಳತಕ್ಕದ್ದೆಂಬ ನಿಯಮವು ರಾಷ್ಟ್ರನೀತಿಯಲ್ಲಿ ಸೇರಲೇಬೇಕು.

ಹಾಗಾದರೆ ನೀತಿಯು ಏನನ್ನು ಎಣಿಸಬೇಕು? ಸರಕಾರದ ನೆರವು ಪಡೆಯುವ ಪ್ರತಿ ಸಂಘದಲ್ಲಿಯೂ ಸದಸ್ಯನ ಕೈಗೆ ಹಾಲಿನ ಪುಸ್ತಕದಂತಹ ಪುಸ್ತಕವೊಂದಿದೆಯೇ, ಅದನ್ನು ವರ್ಷದಲ್ಲಿ ಎಷ್ಟು ಸಲ ತೆರೆಯುತ್ತಾರೆ, ಅದರಲ್ಲಿಯ ತಪ್ಪನ್ನು ಕೇಳಿದವನಿಗೆ ಎಷ್ಟು ದಿನಗಳಲ್ಲಿ ಉತ್ತರ ದೊರೆಯಿತು ಎಂಬುದನ್ನು. ನಮ್ಮ ನೆರೆಯ ಹುಕ್ಕೇರಿಯಲ್ಲಿ ಅಪ್ಪಣಗೌಡ ಪಾಟೀಲರು 1969ರಲ್ಲಿ ಸ್ಥಾಪಿಸಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು, ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಐದರಲ್ಲಿ ಒಂದಾಗಿದ್ದು, ಇಂದಿಗೂ ಉಳಿದುಕೊಂಡಿದೆ; ಮನೆಯ ದೀಪ ಆರಿದ ರಾತ್ರಿಯೇ ತನ್ನ ಸಂಘವನ್ನು ಕೇಳಬಲ್ಲ ಸದಸ್ಯನಿರುವುದು ಅದರ ಬಲಕ್ಕೆ ಕಾರಣವೆಂದು ನನ್ನ ನಂಬಿಕೆ. ಸಕ್ಕರೆ ಕಾರ್ಖಾನೆಯ ಕಾಟಾದ ಅಂಕಿಯು ಅದೇ ಕ್ಷಣದಲ್ಲಿ ರೈತನ ಮೊಬೈಲಿಗೆ ಬರುವಂತೆ ಮಾಡುವುದು ಇಂದು ಕಷ್ಟವಲ್ಲ. ಕಬ್ಬು ಕಡಿಯುವವರ ಗ್ಯಾಂಗುಗಳೇ ಸಂಘ ಕಟ್ಟಿಕೊಂಡು ಕಾರ್ಖಾನೆಯೊಡನೆ ನೇರವಾಗಿ ಕರಾರು ಮಾಡಿಕೊಳ್ಳುವುದಕ್ಕೆ, ಕಣ್ಣೂರಿನಲ್ಲಿ ದೊರೆತಂತಹ ಶೇರು-ಸಾಲವನ್ನು ಕೊಡುವುದೂ ಕಷ್ಟವಲ್ಲ.

ಕೊನೆಯದಾಗಿ ಹೊಳೆಯ ಮಾತು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಈ ಸೀಮೆಯ ನದಿಗಳು ಉಕ್ಕಿದವು. 2021ರಲ್ಲಿ ನಿಪ್ಪಾಣಿಯ ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನೇ ಮುಚ್ಚಿತು. ದಾರಿ ಕಟ್ಟಿದ ದಿನಗಳಲ್ಲಿಯೂ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಕರೆದ ಹಾಲನ್ನು ಒಯ್ಯುವ ಗಾಡಿ ಮಾತ್ರ ಬರುವುದಿಲ್ಲ. ಲಾಭದ ಕಾಲು ಪಾಲನ್ನು ರಿಜರ್ವ್ ಫಂಡಿನಲ್ಲಿ ಇಡತಕ್ಕದ್ದೆಂದು ಬಹುರಾಜ್ಯ ಸಂಘಗಳ ಕಾನೂನಿನಲ್ಲಿಯೇ ಇದೆ. ಆ ಬಗೆಯ ನಿಧಿಯೊಳಗಿನ ಒಂದಂಶವನ್ನು ಇಂತಹ ದಿನಗಳ ಬಿಲ್ಲಿಗೆಂದು ಮೀಸಲಿಟ್ಟು, ಅದನ್ನು ತೆಗೆಯುವ ಅಧಿಕಾರವನ್ನು ಊರಿನ ಸಂಘದ ಸದಸ್ಯರ ಸಭೆಗೇ ಕೊಡುವ ಒಂದು ವಾಕ್ಯವನ್ನು, ಮುಂಬಯಿಯವರೂ ಬೆಂಗಳೂರಿನವರೂ ತಮ್ಮ ತಮ್ಮ ರಾಜ್ಯದ ಸಹಕಾರ ನೀತಿಯಲ್ಲಿ ಬರೆಯಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಬರೆಯಲಿ.