ಕುರ್ಚಿ ಕೊಟ್ಟರು, ಬೀಗದ ಕೈ ಕೊಡಲಿಲ್ಲ



ಸರ್ಕಾರ ಉಳಿಯುತ್ತೋ ಬೀಳುತ್ತೋ ಅಂತ ಕೇಳೋಕೆ ಪತ್ರಿಕೆಯವರು ನಮ್ಮ ಹಾರನಹಳ್ಳಿಯ ಕೋಡಿಮಠಕ್ಕೆ ಬರುತ್ತಾರೆ. ಸ್ವಾಮಿಗಳು ಭವಿಷ್ಯ ಹೇಳುತ್ತಾರೆ, ಅದು ಸುದ್ದಿಯಾಗುತ್ತದೆ. ಅದೇ ಊರಿನ ಕೇರಿಗೆ ಬಂದು, ಬಿದ್ದ ಸರ್ಕಾರದಲ್ಲಿ ನಿಮಗೇನು ಸಿಕ್ಕಿತ್ತು ಅಂತ ಕೇಳಿದವರನ್ನು ನಾವು ಕಂಡಿಲ್ಲ. ಕೇಳದಿದ್ದರೂ ಹೇಳುತ್ತೇವೆ.

2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಜಿ. ಪರಮೇಶ್ವರ ಉಪಮುಖ್ಯಮಂತ್ರಿ ಆದರು. ದಲಿತನೊಬ್ಬ ಅಲ್ಲಿಗೆ ಏರಿದ ಅಂತ ನಮ್ಮಲ್ಲೂ ಹಿಗ್ಗಿದವರಿದ್ದರು. ಬಾಬಾಸಾಹೇಬರ ಸಂವಿಧಾನ ತೆರೆದು ನೋಡಿ. 164ನೇ ವಿಧಿಯಲ್ಲಿ ಮುಖ್ಯಮಂತ್ರಿ ಉಂಟು, ಇತರೆ ಮಂತ್ರಿಗಳುಂಟು. ಉಪಮುಖ್ಯಮಂತ್ರಿ ಅನ್ನೋ ಹುದ್ದೆಯೇ ಇಲ್ಲ. ತೂಕ ಇರೋದು ಖಾತೆಯಲ್ಲಿ. ಅವರಿಗೆ ಗೃಹ ಖಾತೆ ಇತ್ತು. ದೌರ್ಜನ್ಯದ ದೂರು ಹಿಡಿದು ಠಾಣೆ ಮೆಟ್ಟಿಲು ಹತ್ತಿದ ಯಾರನ್ನಾದರೂ ಕೇಳಿ, ಗೃಹ ಖಾತೆ ಅಂದರೇನು ಅಂತ ಹೇಳುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ತೆಗೆದು ಎಂ.ಬಿ. ಪಾಟೀಲರಿಗೆ ಕೊಟ್ಟರು. ತೆಗೆದದ್ದು ಅವರದೇ ಕಾಂಗ್ರೆಸ್ಸು.

ಇನ್ನು ನಮ್ಮ ಜಿಲ್ಲೆಯ ಪಕ್ಷ. ಒಪ್ಪಂದದಂತೆ 34 ಸ್ಥಾನದಲ್ಲಿ ಕಾಂಗ್ರೆಸ್ಸಿಗೆ 22, ದಳಕ್ಕೆ 12. ಹಾಸನದ ಏಳು ಕ್ಷೇತ್ರಗಳಲ್ಲಿ ಆರು ದಳ ಗೆದ್ದಿತ್ತು. ಸಕಲೇಶಪುರ ಮೀಸಲು ಕ್ಷೇತ್ರದ ಎಚ್.ಕೆ. ಕುಮಾರಸ್ವಾಮಿ 2008, 2013, 2018 ಮೂರೂ ಸಲ ಗೆದ್ದವರು. ಮಂತ್ರಿಯಾದದ್ದು ಯಾರು? ಮುಖ್ಯಮಂತ್ರಿಯ ಅಣ್ಣ ಎಚ್.ಡಿ. ರೇವಣ್ಣ. ದಳದ ಟಿಕೆಟ್ಟಿನಲ್ಲಿ ಗೆದ್ದ ದಲಿತ ಶಾಸಕರಲ್ಲಿ ಒಬ್ಬರಿಗೂ ಮಂತ್ರಿಗಿರಿ ಇಲ್ಲ. (ಪಕ್ಷದ ಹೆಸರಲ್ಲೇ ಜಾತ್ಯತೀತ ಇದೆ ನೋಡಿ!) ಮಿತ್ರಪಕ್ಷ ಬಿಎಸ್ಪಿಯ ಎನ್. ಮಹೇಶರಿಗೆ ಶಾಲಾ ಶಿಕ್ಷಣ ಕೊಟ್ಟರು. ಜೂನಿನಲ್ಲಿ ಬಂದ ಅವರು ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಸಕಲೇಶಪುರದವರ ನೆನಪಾದದ್ದು 2019ರ ಜುಲೈನಲ್ಲಿ, ಪಕ್ಷದ ರಾಜ್ಯಾಧ್ಯಕ್ಷರನ್ನಾಗಿ ಮಾಡೋಕೆ. ಅದೇ ತಿಂಗಳ 23ಕ್ಕೆ 99ಕ್ಕೆ ಎದುರಾಗಿ 105 ಮತ ಬಿದ್ದು ಸರ್ಕಾರ ಹೋಯಿತು. ಹಬ್ಬದೂಟಕ್ಕೆ ಕರೆಯಲಿಲ್ಲ, ಮನೆ ಉರಿಯುವಾಗ ಬಾಗಿಲು ಕಾಯೋಕೆ ಕರೆದರು.

ಎಷ್ಟು ತಲೆ ಅಂತ ಎಣಿಸಿ ಸುಮ್ಮನಾಗೋದನ್ನು ಬಿಡೋಣ. ಹಣಕಾಸು ಮುಖ್ಯಮಂತ್ರಿಗೆ, ಲೋಕೋಪಯೋಗಿ ಅಣ್ಣನಿಗೆ, ಜಲಸಂಪನ್ಮೂಲ ಡಿ.ಕೆ. ಶಿವಕುಮಾರರಿಗೆ, ಕಂದಾಯ ಆರ್.ವಿ. ದೇಶಪಾಂಡೆಯವರಿಗೆ. ಸಮಾಜ ಕಲ್ಯಾಣ ಮಾತ್ರ ನಮ್ಮವರಾದ ಪ್ರಿಯಾಂಕ್ ಖರ್ಗೆಯವರಿಗೆ. ನಮ್ಮವರಿಗೆ ನಮ್ಮ ಹಾಸ್ಟೆಲ್ಲಿನ ಅಕ್ಕಿ ಲೆಕ್ಕ, ಉಳಿದವರಿಗೆ ರಾಜ್ಯದ ಲೆಕ್ಕ.

ಹಾಸ್ಟೆಲ್ ಹುಡುಗರಿಗೆ ಇದರಲ್ಲೇನು ಅನ್ನಬೇಡಿ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿ, ಪಂಗಡ ಸೇರಿ ನಾವು ನೂರಕ್ಕೆ 24. ಅಭಿವೃದ್ಧಿ ಹಣದಲ್ಲಿ ಅಷ್ಟು ಪಾಲು ನಮಗೇ ಇಡಬೇಕು ಅಂತ 2013ರಲ್ಲಿ ಕಾಯಿದೆ ಬಂತು. ಅದರಲ್ಲೇ 7ಡಿ ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಅಂತ ಮಾಡಿದ ಕೆಲಸದಲ್ಲಿ ಒಂದು ಪಾಲನ್ನು ನಮಗೇ ಖರ್ಚು ಮಾಡಿದಂತೆ ಭಾವಿಸಿಕೊಳ್ಳಬಹುದು! ರಸ್ತೆಯಲ್ಲಿ ನೀವೂ ನಡೆಯುತ್ತೀರಲ್ಲ, ಹಾಗಾಗಿ ನಿಮ್ಮ ದುಡ್ಡು ಅಂತ. ಆ ಹದಿನಾಲ್ಕು ತಿಂಗಳಲ್ಲಿ 7ಡಿ ತೆಗೆಯಿರಿ, ಇಲ್ಲವೇ ನನ್ನ ರಾಜೀನಾಮೆ ತಗೊಳ್ಳಿ ಅಂತ ಒಬ್ಬ ದಲಿತ ಮಂತ್ರಿಯೂ ಹೊರಗೆ ಬರಲಿಲ್ಲ. ಕಿಂಡಿ ಮುಚ್ಚಿದ್ದು 2023ರಲ್ಲಿ. ಮುಚ್ಚಿದ ಮೇಲೂ 2024-25ರಲ್ಲಿ ಉಪಯೋಜನೆಯ 14 ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಬರೆದರು. ಆಗ ಸಮ್ಮಿಶ್ರವೂ ಇರಲಿಲ್ಲ, ಕಾಂಗ್ರೆಸ್ಸಿನದೇ ಸರ್ಕಾರ.

ಸಣ್ಣ ಖಾತೆಯಲ್ಲಿ ಏನು ಮಾಡೋಕಾಗುತ್ತೆ ಅನ್ನುವವರಿಗೆ ಬಸವಲಿಂಗಪ್ಪನವರನ್ನು ನೆನಪಿಸುತ್ತೇವೆ. ಅರಸು ಸಂಪುಟದಲ್ಲಿ ಅವರದು ಪೌರಾಡಳಿತ. ಅದರಿಂದಲೇ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರಲ್ಲಿ ಬೂಸಾ ಅಂದದ್ದಕ್ಕೆ ಕುರ್ಚಿ ಹೋಯಿತು, ಮಾತು ಉಳಿಯಿತು.

ಮುಂದಿನ ಸಭೆಗೆ ಬರುವಾಗ ಒಂದು ಬಿಳಿ ಹಾಳೆ, ಹತ್ತು ರೂಪಾಯಿ ತನ್ನಿ. 2018-19ರಲ್ಲಿ ಅರಸೀಕೆರೆ ತಾಲೂಕಿನಲ್ಲಿ ನಮ್ಮ ಪಾಲಿನ ಹಣ ಯಾವ ಯಾವ ರಸ್ತೆಗೆ ಬಿತ್ತು ಅಂತ ಮಾಹಿತಿ ಹಕ್ಕಿನ ಅರ್ಜಿ ಅಲ್ಲೇ ಕೂತು ಬರೆಯೋಣ.