ಇವಾನ್ ಮಾಡಿದ್ದನ್ನೇ ಮಾಡಿದೆವು ಅಂದರೆ ಆಯಿತಾ?

ಮುಂದಿನ ಭಾನುವಾರ ಅಸರ್ ನಮಾಝ್ ಆದ ಮೇಲೆ ನಮ್ಮ ಸೆವೆನ್ಸ್ ಟೂರ್ನಿಯ ಕಮಿಟಿ ಸೇರಲಿದೆ. ಮಾತಾಡಬೇಕಾದ ವಿಷಯ ಒಂದೇ. ಈ ಸಲ ಸೆಮಿಫೈನಲ್ ಅರ್ಧಕ್ಕೆ ಬಿಟ್ಟು ಮೈದಾನದಿಂದ ಹೊರನಡೆದ ತಂಡವನ್ನು ಮುಂದಿನ ವರ್ಷ ಸೇರಿಸಿಕೊಳ್ಳಬೇಕೋ ಬೇಡವೋ. ಕಮಿಟಿಯಲ್ಲಿ ನಾನೂ ಇದ್ದೇನೆ, ಆ ತಂಡದಲ್ಲಿ ನನ್ನ ತಂಗಿಯ ಮಗನೂ ಇದ್ದಾನೆ. ಹಾಗಾಗಿ ಸಭೆಯಲ್ಲಿ ಹೇಳುವುದನ್ನು ಮೊದಲೇ ಇಲ್ಲಿ ಬರೆದುಬಿಡುತ್ತೇನೆ. ಮನೆಯಲ್ಲಿ ಒಂದು ಮಾತು, ಸಭೆಯಲ್ಲಿ ಇನ್ನೊಂದು ಮಾತು ಆಡಿದ ಅಂತ ನಾಳೆ ಯಾರೂ ಅನ್ನಬಾರದು ನೋಡಿ.

ಗೊತ್ತಿಲ್ಲದವರಿಗೆ ನಡೆದದ್ದು ಹೇಳುತ್ತೇನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯಿಂದ ತಂಡಗಳು ಬಂದಿದ್ದವು. ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರಿಗೂ ಚನ್ನರಾಯಪಟ್ಟಣದವರಿಗೂ ಒಳ್ಳೆ ಪೈಪೋಟಿ. ಇನ್ನೇನು ಐದು ನಿಮಿಷ ಬಾಕಿ ಇರುವಾಗ ನಮ್ಮ ಗೋಲಿನ ಹತ್ತಿರ ಅವರಿಗೆ ಫ್ರೀ ಕಿಕ್ ಸಿಕ್ಕಿತು. ನಮ್ಮವರು ಗೋಡೆ ನಿಲ್ಲಿಸುವುದರಲ್ಲಿದ್ದರು. ಗೋಲಿ ಕಂಬ ಹಿಡಿದುಕೊಂಡು ಎಡಕ್ಕೆ ಬಾ, ಬಲಕ್ಕೆ ಸರಿ ಅಂತ ಕೂಗುತ್ತಿದ್ದ. ಅಷ್ಟರಲ್ಲಿ ಅವರ ಹುಡುಗ ಚೆಂಡು ಇಟ್ಟವನೇ ಒದ್ದುಬಿಟ್ಟ. ಗೋಲು. ನಮ್ಮ ತಂಡದ ಮ್ಯಾನೇಜರ್ ಅಂದರೆ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಇಪ್ಪತ್ತೈದರ ಹುಡುಗ. ಅವನು ಗೆರೆ ದಾಟಿ ಒಳಗೆ ಬಂದು, ಎಲ್ಲರೂ ಹೊರಗೆ ಬನ್ನಿ ಅಂತ ಕೈ ಬೀಸಿದ. ಏಳೂ ಜನ ಹೊರಟರು. ರೆಫರಿ ಗಡಿಯಾರ ನೋಡುತ್ತಾ ನಿಂತರು, ಹತ್ತು ನಿಮಿಷ ಕಾದರು, ಕೊನೆಗೆ ಪಂದ್ಯ ಚನ್ನರಾಯಪಟ್ಟಣಕ್ಕೆ ಎಂದು ಬರೆದುಕೊಟ್ಟರು. ಆಮೇಲೆ ಗೇಟಿನ ಹತ್ತಿರ ಆದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವತ್ತಿನಿಂದ ಎರಡು ಮನೆಗಳವರು ಸಲಾಂ ಹೇಳುವುದನ್ನೂ ಬಿಟ್ಟಿದ್ದಾರೆ ಎಂದರೆ ಅರ್ಥ ಮಾಡಿಕೊಳ್ಳಿ.

ಯಾಕೆ ಹೀಗೆ ಮಾಡಿದೆ ಮೋನೇ ಅಂತ ಆ ಮ್ಯಾನೇಜರ್ ಹುಡುಗನನ್ನು ಕೇಳಿದೆ. 'ಕಾಕ, ಇವಾನ್ ಮಾಡಿದ್ದನ್ನೇ ನಾನೂ ಮಾಡಿದ್ದು' ಅಂದ.

ಇವಾನ್ ಅಂದರೆ ಇವಾನ್ ವುಕೊಮಾನೊವಿಚ್. ಸರ್ಬಿಯಾದವರು, ಕೇರಳ ಬ್ಲಾಸ್ಟರ್ಸ್ ತಂಡದ ಕೋಚ್ ಆಗಿದ್ದವರು. 2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಐಎಸ್‌ಎಲ್ ಪ್ಲೇ ಆಫ್, ಬೆಂಗಳೂರು ಎಫ್‌ಸಿ ಒಂದು ಕಡೆ, ಬ್ಲಾಸ್ಟರ್ಸ್ ಇನ್ನೊಂದು ಕಡೆ. 90 ನಿಮಿಷದಲ್ಲಿ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನ 96ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ, ಬ್ಲಾಸ್ಟರ್ಸ್‌ನ ಗೋಡೆ ನಿಲ್ಲುವ ಮೊದಲೇ ಫ್ರೀ ಕಿಕ್ ಒದ್ದರು. ರೆಫರಿ ಗೋಲು ಕೊಟ್ಟರು. ಇವಾನ್ ತನ್ನ ಆಟಗಾರರನ್ನು ಕರೆದುಕೊಂಡು ಒಳಗೆ ಹೋದರು, ಮತ್ತೆ ಬರಲಿಲ್ಲ. ಅವತ್ತು ನಮ್ಮ ಊರಿನ ಚಹಾದಂಗಡಿಗಳಲ್ಲಿ ಸಹ ಕೂತವರು ಎರಡು ಪಂಗಡ ಆದರು. ವಾಟ್ಸ್‌ಆ್ಯಪ್ ಗ್ರೂಪಿನಿಂದ ಹೊರಗೆ ಹೋದವರಂತೂ ಎಷ್ಟೋ ಮಂದಿ.

ನಮ್ಮ ಹುಡುಗರಲ್ಲಿ ಬ್ಲಾಸ್ಟರ್ಸ್ ಹುಚ್ಚು ಇರುವುದು ಆಶ್ಚರ್ಯ ಅಲ್ಲ. ನಾವು ಮನೆಯಲ್ಲಿ ಆಡುವ ಬ್ಯಾರಿ ಮಾತಿಗೆ ಮಲಯಾಳಂ ಹತ್ತಿರ. ಕಾಸರಗೋಡಿನಲ್ಲಿ, ಮಂಗಳೂರಿನಲ್ಲಿ ನೆಂಟರು. ಅಲ್ಲಿಗೆ ರಜೆಗೆ ಹೋದ ಮಕ್ಕಳು ಹಳದಿ ಜೆರ್ಸಿ ಹಾಕಿಕೊಂಡೇ ವಾಪಸ್ ಬರುತ್ತಾರೆ. ಇತ್ತ ಬೆಂಗಳೂರು ಕೂಡಾ ದೂರ ಇಲ್ಲ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ಪಂದ್ಯ ನೋಡಿ ರಾತ್ರಿಯೇ ಹಾಸನಕ್ಕೆ ಬರಬಹುದು. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ನೀಲಿ, ತಮ್ಮ ಹಳದಿ. ಇವಾನ್ ಅವರನ್ನು ಮೆಚ್ಚುವುದಕ್ಕೂ ಕಾರಣ ಇದೆ. ಕೆಲವು ವರ್ಷ ಪ್ಲೇ ಆಫ್ ಮುಖವನ್ನೇ ನೋಡದಿದ್ದ ತಂಡವನ್ನು ಬಂದ ಮೊದಲ ಸೀಸನ್‌ನಲ್ಲೇ, 2022ರ ಮಾರ್ಚ್‌ನಲ್ಲಿ, ಫೈನಲ್‌ಗೆ ಒಯ್ದರು. ಹೈದರಾಬಾದ್ ಎದುರು ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು.

ಆದರೆ ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಒದೆಯುವಾಗ ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಅದು ಒದೆಯುವವನಿಗೆ ಇರುವ ಹಕ್ಕು. ಆ ದೂರ ಬೇಡ, ಈಗಲೇ ಒದೆಯುತ್ತೇನೆ ಅಂದರೆ ರೆಫರಿ ಬಿಡಬಹುದು. ಸೀಟಿ ಊದುವ ತನಕ ಕಾಯಬೇಕು ಎಂದು ರೆಫರಿ ಮೊದಲೇ ಹೇಳಿದ್ದರೆ ಮಾತ್ರ ಕಾಯಬೇಕು. ಬ್ಲಾಸ್ಟರ್ಸ್‌ನ ವಾದ ಇದ್ದದ್ದು ಅಲ್ಲೇ, ರೆಫರಿ ಆಟಗಾರರ ಜೊತೆ ಮಾತಾಡಿ ಜಾಗ ತೋರಿಸಿದ ಮೇಲೆ ಅದು ಬೇಗ ಒದೆಯುವ ಕಿಕ್ ಆಗುವುದು ಹೇಗೆ ಅಂತ. ವಾದದಲ್ಲಿ ಸ್ವಲ್ಪ ಹುರುಳಿದೆ ಅಂತಲೇ ಇಟ್ಟುಕೊಳ್ಳೋಣ. ಎಕ್ಸ್‌ಟ್ರಾ ಟೈಮಿನಲ್ಲಿ ಇನ್ನೂ 24 ನಿಮಿಷ ಇತ್ತಲ್ಲ! ಒಂದು ಗೋಲು ಹೊಡೆಯಲು ಅಷ್ಟು ಹೊತ್ತು ಸಾಲದಾ? ನನಗೆ ಇವತ್ತಿಗೂ ಸಿಟ್ಟು ಬರುವುದು ಆ 24 ನಿಮಿಷದ ಬಗ್ಗೆ. ನಮ್ಮ ಹುಡುಗರಿಗೂ ಐದು ನಿಮಿಷ ಇತ್ತು.

ಶಿಕ್ಷೆ ಬಿದ್ದದ್ದು ಕ್ಲಬ್‌ಗೆ ಮತ್ತು ಕೋಚ್‌ಗೆ. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಇವಾನ್‌ಗೆ 10 ಪಂದ್ಯ ನಿಷೇಧ. ಮುಂದಿನ ತಿಂಗಳೇ ಕೇರಳದಲ್ಲಿ ಸೂಪರ್ ಕಪ್ ನಡೆಯಿತು. ತಮ್ಮ ಮನೆಯಂಗಳದಲ್ಲಿ ಆಡಿದ ತಂಡದ ಪಕ್ಕ ಅವರು ನಿಲ್ಲಲಾಗಲಿಲ್ಲ. ಅವರೂ ಕ್ಲಬ್ಬೂ ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ನಮ್ಮ ಮೊಬೈಲ್ ಅಂಗಡಿ ಇವಾನ್ ಆ ಕ್ಷಮೆಯ ಭಾಗವನ್ನು ಮಾತ್ರ ಓದಿಲ್ಲ.

ಇನ್ನು ಬೆಂಗಳೂರಿನ ನೀಲಿಯವರು ಬಹಳ ಸಭ್ಯರು ಅಂತ ತಿಳಿಯಬೇಡಿ. ಮ್ಯಾನೇಜರ್‌ಗಳ ವಿಷಯದಲ್ಲಿ ಅವರ ನಾಲಿಗೆಯೂ ಕಡಿಮೆ ಇಲ್ಲ. ಕಾರ್ಲೆಸ್ ಕ್ವಾದ್ರಾತ್ 2019ರ ಮಾರ್ಚ್‌ನಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದುಕೊಟ್ಟರು, ಆಗ ತಲೆಮೇಲೆ ಹೊತ್ತರು. 2021ರ ಜನವರಿಯಲ್ಲಿ ನಾಲ್ಕು ದಿನ ತಂಡ ಸೋತಿತು, ಅವರನ್ನು ಕಳಿಸಿದರು. ಅದೇ ಮನುಷ್ಯ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದರು, 2023ರಲ್ಲಿ ಐಎಸ್‌ಎಲ್ ಫೈನಲ್ ತಲುಪಿದರು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮನೆಗೆ ಹೋದರು. ಆಶ್ಲೇ ವೆಸ್ಟ್‌ವುಡ್ ಕಥೆ ಇನ್ನೂ ಚೆನ್ನಾಗಿದೆ. 2013ರಲ್ಲಿ ಹುಟ್ಟಿದ ಕ್ಲಬ್‌ಗೆ ಎರಡು ಸಲ ಐ-ಲೀಗ್ ಗೆಲ್ಲಿಸಿದ ಆ ಇಂಗ್ಲಿಷಿನವರು, 2025ರ ಜೂನ್ 10ರಂದು ಹಾಂಕಾಂಗ್ ತಂಡದ ಕೋಚ್ ಆಗಿ ನಿಂತು ಭಾರತವನ್ನೇ 1-0ಯಿಂದ ಸೋಲಿಸಿದರು. ಕೋಚ್ ಅಂದರೆ ನಮಗೆ ಸೋತ ದಿನ ಬೈಯಲು ಇಟ್ಟುಕೊಂಡ ಆಳು. ಅವನು ಕಲಿಸಿದ್ದೇನು ಅಂತ ಯಾರೂ ಕೇಳುವುದಿಲ್ಲ.

ಈಗ ಲೀಗ್ ಜಗಳಕ್ಕೆ ಬರುತ್ತೇನೆ. ಇದು ನನ್ನ ಅಳಿಯನಿಗೂ ನನಗೂ ವರ್ಷಗಟ್ಟಲೆ ನಡೆಯುತ್ತಿರುವ ಜಗಳ. ಅವನ ಲೆಕ್ಕದಲ್ಲಿ ಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಸ್ಪೇನ್, ಆಮೇಲೆ ರೊನಾಲ್ಡೊ ಹೋದ ಮೇಲೆ ಸೌದಿ, ಅದರ ಕೆಳಗೆ ಮೆಸ್ಸಿ ಇರುವ ಅಮೆರಿಕ, ಎಲ್ಲಕ್ಕಿಂತ ಕೆಳಗೆ ನಮ್ಮದು. ಸೌದಿಯ ವಿಷಯದಲ್ಲಿ ಅವನು ಹೇಳುವುದು ಸುಳ್ಳಲ್ಲ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಅಲ್ ಹಿಲಾಲ್, ಮ್ಯಾಂಚೆಸ್ಟರ್ ಸಿಟಿಯನ್ನು 4-3ರಿಂದ ಹೊರಗೆ ಕಳಿಸಿತು. ದುಡ್ಡು ಕೊಟ್ಟು ಕೊಂಡ ಲೀಗ್ ಅಂತ ನಗುತ್ತಿದ್ದವರು ಅವತ್ತು ಬಾಯಿ ಮುಚ್ಚಿದರು. ಅದೇ ವರ್ಷ ಅಕ್ಟೋಬರ್ 22ಕ್ಕೆ ಅಲ್ ನಸ್ರ್ ತಂಡ ಗೋವಾಕ್ಕೆ ಬಂದು ಎಫ್‌ಸಿ ಗೋವಾ ಜೊತೆ ಆಡಿತು. ರೊನಾಲ್ಡೊ ಬರಲಿಲ್ಲ ಅಂತ ನಮ್ಮ ಮನೆಯಲ್ಲಿ ಅವತ್ತು ಒಬ್ಬ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಅಲ್ ನಸ್ರ್ ಗೆದ್ದದ್ದು 2-1ರಿಂದ. ಗೋವಾದ ಬ್ರೈಸನ್ ಫೆರ್ನಾಂಡಿಸ್ ಹೊಡೆದ ಗೋಲನ್ನು ನಾನು ಮೂರು ಸಲ ಹಾಕಿ ನೋಡಿದೆ. ಎರಡು ವಾರದ ಮೇಲೆ ರಿಯಾದಿನಲ್ಲಿ 4-0 ಆಯಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆದರೆ ಲೀಗಿನ ಬಲ ಅಳೆಯುವುದು ದೊಡ್ಡ ಹೆಸರಿನಿಂದ ಅಲ್ಲ ಎಂಬುದು ನನ್ನ ವಾದ. ಐಎಸ್‌ಎಲ್ 2014ರಲ್ಲಿ ಶುರುವಾದಾಗ ವಯಸ್ಸಾದ ವಿದೇಶಿ ತಾರೆಗಳು ಬಂದರು, ಪಟಾಕಿ ಹೊಡೆದರು. ಐ-ಲೀಗ್ ಬಡವರ ಮನೆ ಮದುವೆಯಂತೆ ಪಕ್ಕದಲ್ಲಿ ನಡೆಯುತ್ತಿತ್ತು. ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದದ್ದು 2016ರಲ್ಲಿ, ಆ ಬಡವರ ಮನೆಯಲ್ಲಿದ್ದಾಗ. ಭಾರತ ತಂಡ ಫಿಫಾ ಪಟ್ಟಿಯಲ್ಲಿ 2017ರ ಜುಲೈಯಲ್ಲಿ 96ನೇ ಜಾಗದಲ್ಲಿತ್ತು, 2025ರ ನವೆಂಬರ್‌ನಲ್ಲಿ 142ಕ್ಕೆ ಇಳಿಯಿತು. ಇದಕ್ಕೆಲ್ಲ ಐಎಸ್‌ಎಲ್ ಒಂದೇ ಕಾರಣ ಅಂದರೆ ಅನ್ಯಾಯ ಆದೀತು. ಮೈದಾನದ ಹುಲ್ಲು, ಆಟಗಾರರ ಊಟ, ಸಂಬಳ ಎಲ್ಲ ಸುಧಾರಿಸಿದ್ದು ಅಲ್ಲೇ. ಆದರೆ ಒಪ್ಪಂದದ ತಕರಾರಿನಲ್ಲಿ 2025ರ ಜುಲೈಯಲ್ಲಿ ಲೀಗ್ ನಿಂತಿತು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಸಂಬಳ ತಡೆಹಿಡಿಯಿತು. ಅಷ್ಟು ಹೊಳಪಿನ ಕೆಳಗೆ ತಳಪಾಯ ಎಷ್ಟಿತ್ತು ಅಂತ ಅವತ್ತು ಗೊತ್ತಾಯಿತು.

ತಳಪಾಯ ಅಂದಾಗ ನನಗೆ ನೆನಪಾಗುವುದು 2023ರ ಮಾರ್ಚ್ 4. ಇವಾನ್ ಹೊರನಡೆದ ಮರುದಿನ. ನಾವೆಲ್ಲ ಛೆಟ್ರಿ ಸರಿಯೋ ಇವಾನ್ ಸರಿಯೋ ಅಂತ ಕಿತ್ತಾಡುತ್ತಿರುವಾಗ ರಿಯಾದಿನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಕರ್ನಾಟಕದ ಹುಡುಗರು ಸಂತೋಷ್ ಟ್ರೋಫಿ ಫೈನಲ್ ಆಡುತ್ತಿದ್ದರು. ಎದುರಿಗೆ ಮೇಘಾಲಯ. ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್ ಒಂದೊಂದು ಗೋಲು ಹೊಡೆದರು, 3-2ರಿಂದ ಗೆದ್ದರು. ಮೈಸೂರು ರಾಜ್ಯ ಅಂತ ಹೆಸರಿದ್ದ ಕಾಲದಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ ಆ ಕಪ್ ನಮ್ಮ ರಾಜ್ಯಕ್ಕೆ ಬಂತು. ಕೋಚ್ ರವಿಬಾಬು ರಾಜು. ಆ ಹೆಸರು ನಮ್ಮ ಟೂರ್ನಿಗೆ ಬಂದ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿ ನೋಡಿದೆ. ಒಬ್ಬನಿಗೂ ಗೊತ್ತಿಲ್ಲ. 'ಮಾಮ, ಅದು ಡಬ್ಬಾ ಟೂರ್ನಿ' ಅಂದ ನನ್ನ ಅಳಿಯ.

ರಿಯಾದಿನಲ್ಲಿ ಕೆಲಸಕ್ಕಿರುವ ನನ್ನ ಭಾವ ಆ ರಾತ್ರಿ ಸ್ಟೇಡಿಯಂಗೆ ಹೋಗಿದ್ದರು. ಅಷ್ಟು ದೊಡ್ಡ ಜಾಗದಲ್ಲಿ ಕನ್ನಡ ಮಾತಾಡುವವರನ್ನು ಹುಡುಕಿಕೊಂಡು ಕೂತೆವು, ಕಪ್ ಎತ್ತುವಾಗ ಕಣ್ಣಲ್ಲಿ ನೀರು ಬಂತು ಅಂತ ಫೋನ್ ಮಾಡಿ ಹೇಳಿದರು. ನಾನು ಆಗ ಯಾರದೋ ಜೊತೆ ಇವಾನ್ ವಿಷಯ ವಾದಿಸುತ್ತಿದ್ದೆ. ಆಮೇಲೆ ಮಾಡುತ್ತೇನೆ ಭಾವ ಅಂತ ಫೋನ್ ಇಟ್ಟೆ. ಅದನ್ನು ನೆನೆದರೆ ನನಗೇ ನಾಚಿಕೆ ಆಗುತ್ತದೆ.

ಇನ್ನೊಂದು ಹೆಸರನ್ನೂ ಹೇಳಬೇಕು. ಖಾಲಿದ್ ಜಮೀಲ್. ಕುವೈತ್‌ನಲ್ಲಿ ಹುಟ್ಟಿದವರು. 2016-17ರಲ್ಲಿ ಮಿಝೋರಾಂನ ಐಝ್ವಾಲ್ ಎಫ್‌ಸಿಯನ್ನು ಐ-ಲೀಗ್ ಚಾಂಪಿಯನ್ ಮಾಡಿದರು. ಆ ವರ್ಷ ಛೆಟ್ರಿ ಇದ್ದ ಬೆಂಗಳೂರು, ಯುರೋಪಿನ ಕೋಚ್ ಇಟ್ಟುಕೊಂಡೂ ನಾಲ್ಕನೇ ಸ್ಥಾನ. 2025ರ ಆಗಸ್ಟ್‌ನಲ್ಲಿ ಅವರನ್ನು ಭಾರತ ತಂಡದ ಕೋಚ್ ಮಾಡಿದಾಗ ನಮ್ಮವರು ಸಿಹಿ ಹಂಚಿದರು. ಸೆಪ್ಟೆಂಬರ್‌ನಲ್ಲಿ ಒಮಾನ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ಶಹಬ್ಬಾಸ್ ಅಂದರು. ಅಕ್ಟೋಬರ್‌ನಲ್ಲಿ ಸಿಂಗಾಪುರದ ಎದುರು ಸೋತು ಏಷ್ಯನ್ ಕಪ್ ಅವಕಾಶ ತಪ್ಪಿದ ದಿನ ಅದೇ ಬಾಯಿಗಳು ಏನೆಂದವು ಅಂತ ನೀವೂ ಕೇಳಿದ್ದೀರಿ. ಸಿಹಿಯಿಂದ ಬೈಗುಳಕ್ಕೆ ಎರಡೂವರೆ ತಿಂಗಳು. ಐಝ್ವಾಲ್‌ನಲ್ಲಿ ದುಡ್ಡಿರಲಿಲ್ಲ, ತಾರೆಗಳಿರಲಿಲ್ಲ, ರೆಫರಿ ನಿರ್ಧಾರಗಳು ಅವರ ವಿರುದ್ಧವೂ ಬಿದ್ದಿರಬೇಕು. ಮೈದಾನ ಬಿಟ್ಟು ಹೋಗಿದ್ದರೆ ಆ ಕಪ್ ಸಿಗುತ್ತಿತ್ತಾ?

ಇಷ್ಟು ಯಾಕೆ ಬರೆದೆ ಅಂದರೆ, ನಮ್ಮ ಸಭೆಯಲ್ಲಿ ಹಿರಿಯರು ಮಕ್ಕಳಲ್ವಾ, ಬಿಡಿ ಅನ್ನುತ್ತಾರೆ ಅಂತ ಈಗಲೇ ಗೊತ್ತು. ತಂಗಿಯೂ ಅದನ್ನೇ ಹೇಳುತ್ತಿದ್ದಾಳೆ. 17 ವರ್ಷದ ಹುಡುಗ, ಮುಂದಿನ ವರ್ಷ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾನೆ, ಊರಿನ ಮೈದಾನದಲ್ಲಿ ಆಡಲು ಅವನಿಗೆ ಉಳಿದಿರುವುದು ಅದೊಂದೇ ವರ್ಷ, ಅದನ್ನೂ ಕಿತ್ತುಕೊಳ್ಳುತ್ತೀಯಾ ಕಾಕ ಅಂತ ಕೇಳಿದಳು. ಉತ್ತರ ಹೇಳಲು ಸುಲಭ ಆಗಲಿಲ್ಲ. ಅವತ್ತು ರೆಫರಿ ಆಗಿದ್ದವರು ಕೂಡಾ ಒಬ್ಬರ ಮನೆಯ ಮಗನೇ. ದಿನಗೂಲಿ ಬಿಟ್ಟು ಬಂದಿದ್ದರು. ಗೇಟಿನ ಹತ್ತಿರ ಕಾಲರ್ ಹಿಡಿಸಿಕೊಂಡು ಹೋದವರು ಮುಂದಿನ ವರ್ಷ ಬರುವುದಿಲ್ಲ ಅಂದುಬಿಟ್ಟಿದ್ದಾರೆ. ರೆಫರಿಗಳೇ ಬರದಿದ್ದರೆ ನಾಲ್ಕು ತಾಲ್ಲೂಕಿನ ಯಾವ ಹುಡುಗನಿಗೂ ಟೂರ್ನಿ ಇಲ್ಲ.

ಸಭೆಯಲ್ಲಿ ನಾನು ಹೇಳುವುದು ಇದು. ಆ ತಂಡಕ್ಕೆ ಒಂದು ವರ್ಷ ಬಿಡುವು. ಕೈ ಬೀಸಿ ಕರೆದ ಮ್ಯಾನೇಜರ್‌ಗೆ ಎರಡು ವರ್ಷ, ಯಾಕೆಂದರೆ ಹುಡುಗರು ಅವನ ಮಾತು ಕೇಳಿ ಹೊರಟರು. ಆಟಗಾರರಲ್ಲಿ ಯಾರಾದರೂ ಆ ರೆಫರಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದರೆ, ಅವನು ಬೇರೆ ತಂಡದಲ್ಲಿ ಆಡಲಿ. ಚನ್ನರಾಯಪಟ್ಟಣದವರು ಫೈನಲ್‌ನಲ್ಲಿ ಗೆದ್ದ ಕಪ್ಪಿನ ಬಗ್ಗೆ ಯಾರೂ ಬಾಯಿ ಎತ್ತಬಾರದು, ಅದು ಅವರು ಆಡಿ ಗೆದ್ದದ್ದು.

ತಂಗಿ ನನ್ನ ಫೋನ್ ಎತ್ತುತ್ತಿಲ್ಲ. ಹುಡುಗ ಮಾತ್ರ ಮೊನ್ನೆ ಸಂಜೆ ಅಂಗಡಿಗೆ ಬಂದ. ಇವಾನ್ ವಿಷಯ ಎತ್ತಲಿಲ್ಲ, ಸೌದಿ ಲೀಗ್ ವಿಷಯವೂ ಎತ್ತಲಿಲ್ಲ. 'ಮಾಮ, ಲೈನ್‌ನಲ್ಲಿ ಬಾವುಟ ಹಿಡಿಯುವವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ?' ಅಂತ ಕೇಳಿದ. 300 ರೂಪಾಯಿ ಮತ್ತು ಮಧ್ಯಾಹ್ನದ ಊಟ ಅಂದೆ.